ಹುಡುಕುವುದು ಸುಲಭವಾದ ಮೇಲೆ

1933ರಲ್ಲಿ ಗದಗಿನ ಹನ್ನೊಂದು ವರ್ಷದ ಹುಡುಗನೊಬ್ಬ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿದಾಗಿನಿಂದ ಹಾಗೇ ಹಾಡಬೇಕೆಂಬ ಹುಚ್ಚು ಹತ್ತಿತ್ತು. ಟಿಕೆಟ್ಟಿಲ್ಲದೆ ರೈಲು ಹತ್ತಿ, ಹಾಡಿ ಹೊಟ್ಟೆ ಹೊರೆದುಕೊಳ್ಳುತ್ತ ಪುಣೆ, ಗ್ವಾಲಿಯರ್, ಕೋಲ್ಕತ್ತ ಸುತ್ತಿ ಕೊನೆಗೆ ಪಂಜಾಬಿನ ಜಲಂಧರ ಮುಟ್ಟಿದ. ಅಲ್ಲಿ ಗಾಯಕ ವಿನಾಯಕರಾವ್ ಪಟವರ್ಧನರು ಅವನನ್ನು ಕಂಡು, ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ಅವರ ಹತ್ತಿರ ಹೋಗು ಎಂದರು. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಊರು ಹುಬ್ಬಳ್ಳಿ ಮಗ್ಗುಲಿನ ಕುಂದಗೋಳ. ಹುಡುಗ ಭೀಮಸೇನ ಜೋಶಿ.

ಸೋಶಿಯಲ್ ಮೀಡಿಯಾದಿಂದ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬ ವಾದ ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಎದ್ದಾಗಲೆಲ್ಲ ನನಗೆ ಈ ಕಥೆ ಎರಡೂ ಪಕ್ಷದ ಪರವಾಗಿ ಸಾಕ್ಷಿ ನುಡಿಯುವಂತೆ ಕಾಣುತ್ತದೆ. ಮನೆ ಹತ್ತಿರವೇ ಇದ್ದ ಗುರುವಿನ ಸುಳಿವು ಸಿಗಲು ಒಂದು ಮಗು ಅರ್ಧ ದೇಶ ಅಲೆಯಬೇಕಾಯಿತು. ಅಷ್ಟು ಅಲೆಯುವ ಎದೆಗಾರಿಕೆ ಇಲ್ಲದ, ಅಷ್ಟು ಅದೃಷ್ಟವಿಲ್ಲದ ಎಷ್ಟು ಮಕ್ಕಳು ಗದಗು, ನವಲಗುಂದ, ಕಲಘಟಗಿಗಳಲ್ಲಿ ಹಾಡದೇ ಉಳಿದರೋ ಲೆಕ್ಕವಿಟ್ಟವರಿಲ್ಲ. ಇವತ್ತು ಆ ಸುಳಿವು ಫೋನಿನಲ್ಲಿ ಒಂದು ಪ್ರಶ್ನೆ ಹಾಕಿದರೆ ಸಿಗುತ್ತದೆ. ಆದರೆ ಆ ಹುಡುಗ ಗಾಯಕನಾದದ್ದು ಸುಳಿವು ಸಿಕ್ಕಿದ್ದರಿಂದಲ್ಲ. ಕುಂದಗೋಳದಲ್ಲಿ ಗುರುವಿನ ಮನೆಯಲ್ಲೇ ಉಳಿದು, ನೀರು ಹೊತ್ತು, ಅದೇ ಪಲಟಗಳನ್ನು ವರ್ಷಗಟ್ಟಲೆ ತಿರುವಿ ಹಾಕಿದ್ದರಿಂದ. ಹುಡುಕಿಕೊಡುವುದರಲ್ಲಿ ಈ ಹೊಸ ಸಾಧನಕ್ಕೆ ಸಾಟಿಯಿಲ್ಲ, ಜೊತೆಗಿದ್ದು ಬೆಳೆಸುವುದು ಅದರ ಕೈಲಾಗದ ಕೆಲಸ ಎನ್ನುವುದು ನನ್ನ ನಂಬಿಕೆ. ಆದರೆ ಈ ಮಾತನ್ನೂ ಎಲ್ಲರ ಮೇಲೆ ಒಂದೇ ಸಮನೆ ಹೇರುವಂತಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಹವ್ಯಾಸಿಗಳ ಮಾತು. ಹವ್ಯಾಸ ಇರುವವನಿಗೆ ದೊಡ್ಡ ಕಷ್ಟವೆಂದರೆ ಮನೆಯಲ್ಲಿ, ಓಣಿಯಲ್ಲಿ ಅವನ ಮಾತು ಯಾರಿಗೂ ಬೇಡ. ಹಳೆಯ ನಾಣ್ಯ, ಅಂಚೆಚೀಟಿ, ತಾರಸಿ ತೋಟ, ಗಡಿಯಾರ ರಿಪೇರಿ ಯಾವುದೇ ಇರಲಿ, ಎರಡು ನಿಮಿಷ ಕೇಳಿದವರು ‘ಆತು ಬಿಡ್ರಿ, ಊಟಾ ಮಾಡೂಣು’ ಎಂದು ಎದ್ದು ಬಿಡುತ್ತಾರೆ. ಸಾವಿರ ಜನರಲ್ಲಿ ಒಬ್ಬನಿಗೆ ಹಿಡಿದ ಹುಚ್ಚಿಗೆ ಊರಲ್ಲಿ ಜೊತೆಗಾರ ಸಿಗುವುದು ಅಪರೂಪ, ರಾಜ್ಯದ ತುಂಬ ಹುಡುಕಿದರೆ ಒಂದು ಗುಂಪೇ ಸಿಗುತ್ತದೆ.

ಪಕ್ಷಿ ವೀಕ್ಷಕರನ್ನೇ ನೋಡಿ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಹಿಂಡು ಇಳಿದ ಸುದ್ದಿ ಧಾರವಾಡಕ್ಕೆ ತಲುಪಲು ಈಗ ಒಂದು ಫೋಟೊ ಸಾಕು. ಉಣಕಲ್ ಕೆರೆಯ ದಂಡೆಯಲ್ಲೋ ಕೆಲಗೇರಿಯಲ್ಲೋ ಗುರುತು ಸಿಗದ ಹಕ್ಕಿಯೊಂದರ ಚಿತ್ರ ಹಾಕಿದರೆ, ಮೈಸೂರಿನ ಒಬ್ಬರು ಅದರ ಹೆಸರು ಹೇಳುತ್ತಾರೆ, ಕಾರವಾರದ ಇನ್ನೊಬ್ಬರು ಅಲ್ಲ ಎಂದು ತಿದ್ದುತ್ತಾರೆ, ಕೊಕ್ಕಿನ ಬಣ್ಣ, ಕಣ್ಣಿನ ಸುತ್ತಲಿನ ಉಂಗುರ ತೋರಿಸಿ ಕಾರಣ ಕೊಡುತ್ತಾರೆ. ಹಿಂದೆ ಇಂಥ ಪಾಠ ಕಲಿಯಲು ದುಬಾರಿ ಪುಸ್ತಕ ಬೇಕಿತ್ತು, ಪುಸ್ತಕ ಬಲ್ಲ ಪ್ರಾಧ್ಯಾಪಕರ ಪರಿಚಯವೂ ಬೇಕಿತ್ತು. ಈ ಬಿಡುವಿನ ವೇಳೆಯ ನೋಟಗಳು ವಿಜ್ಞಾನಕ್ಕೂ ಒದಗಿವೆ. 2023ರಲ್ಲಿ ಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಸುಮಾರು 30,000 ವೀಕ್ಷಕರು ಇ-ಬರ್ಡ್ ತಾಣಕ್ಕೆ ಕೊಟ್ಟ 3 ಕೋಟಿ ದಾಖಲೆಗಳ ಮೇಲೆ ನಿಂತಿದೆ. 942 ಜಾತಿಗಳ ಏರಿಳಿತವನ್ನು ಅಳೆಯಲು ಸಾಧ್ಯವಾದದ್ದು ಸಂಬಳವಿಲ್ಲದ ಇಷ್ಟೊಂದು ಜನ ಒಂದೇ ಕಡೆ ಬರೆದಿಟ್ಟಿದ್ದರಿಂದ.

ಇದೇ ಹವ್ಯಾಸದ ಇನ್ನೊಂದು ಮುಖವೂ ಉಂಟು. ಗೂಬೆಯ ಗೂಡಿನ ಜಾಗ ಗುಂಪಿನಲ್ಲಿ ಬಹಿರಂಗವಾಯಿತೆಂದರೆ ಮರುದಿನ ಬೆಳಗ್ಗೆ ಅಲ್ಲಿ ಕ್ಯಾಮೆರಾಗಳ ಸಾಲು ನಿಲ್ಲುತ್ತದೆ. ಹಕ್ಕಿ ಮೊಟ್ಟೆ ಬಿಟ್ಟು ಹಾರುವಷ್ಟು ಹತ್ತಿರ ಹೋಗುವವರೂ ಇರುತ್ತಾರೆ. ಅಪಾಯದಲ್ಲಿರುವ ಕೆಲವು ಜಾತಿಗಳ ಜಾಗವನ್ನು ಇ-ಬರ್ಡ್ ಮುಚ್ಚಿಡುವುದು ಇದಕ್ಕೇ. ಹಾವು ಹಿಡಿಯುವವರ ವಿಡಿಯೊಗಳದ್ದು ಇನ್ನೂ ಕೆಟ್ಟ ಕಥೆ. ಮನೆಗೆ ನುಗ್ಗಿದ ಹಾವನ್ನು ಹಿಡಿದು ಕಾಡಿಗೆ ಬಿಡುವುದು ಸೇವೆ. ಅದೇ ಹಾವನ್ನು ಲೈಕಿಗಾಗಿ ಕೊರಳಿಗೆ ಸುತ್ತಿಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಲ್ಲಂಘಿಸಿದಂತೆ, ಜೀವಕ್ಕೂ ಸಂಚಕಾರ. ತನ್ನ ಪಾಡಿಗೆ ತಾನು ಖುಷಿಪಡುತ್ತಿದ್ದವನು ನೋಡುವವರಿಗಾಗಿ ಖುಷಿ ತೋರಿಸಲು ಶುರುಮಾಡಿದ ದಿನ ಹವ್ಯಾಸದ ಸ್ವರೂಪವೇ ಬದಲಾಗುತ್ತದೆ.

ಸಂಗೀತದಲ್ಲಿ ಈ ಎಳೆದಾಟ ನಮಗೆ ಇನ್ನೂ ಹತ್ತಿರದ್ದು. 1950ರಲ್ಲಿ ಧಾರವಾಡ ಆಕಾಶವಾಣಿ ಬಂದಾಗ ಹಳ್ಳಿಯ ಕೇಳುಗನಿಗೂ ಮನ್ಸೂರರ, ರಾಜಗುರುಗಳ, ಗಂಗೂಬಾಯಿಯವರ ದನಿ ದಕ್ಕಿತು. ಆದರೆ ಬಿತ್ತರವಾದ ಹೊತ್ತಿಗೆ ರೇಡಿಯೊ ಮುಂದೆ ಕೂತಿರಬೇಕು, ತಪ್ಪಿದರೆ ತಪ್ಪಿತು. ಈಗ ಮಲ್ಲಿಕಾರ್ಜುನ ಮನ್ಸೂರರ ‘ಸಂಪೂರ್ಣ ಮಾಲಕಂಸ’ ರಾಗವನ್ನು ಯಾವ ಮಧ್ಯರಾತ್ರಿಯಲ್ಲಾದರೂ ಕೇಳಬಹುದು, ಮಾಲಕಂಸಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೆಳಗೆ ಬರೆದು ಕೇಳಬಹುದು, ಬಲ್ಲವರು ಉತ್ತರ ಕೊಡುತ್ತಾರೆ. ಮನೆಯ ಕಪಾಟಿನಲ್ಲಿ ಕ್ಯಾಸೆಟ್ ಕೂಡಿಟ್ಟಿದ್ದ ರಸಿಕರು ತಾವಾಗಿಯೇ ಅವನ್ನು ಡಿಜಿಟಲ್ ಮಾಡಿ ಹಂಚಿದ್ದಾರೆ, ಅವರ ಋಣ ದೊಡ್ಡದು. ಅದೇ ಫೋನು ರೀಲ್ಸ್ ಎಂದು ನಿಮಿಷದ ತುಣುಕುಗಳನ್ನೂ ತಂದು ಸುರಿಯುತ್ತದೆ. ವಿಲಂಬಿತ ಖಯಾಲಿನ ಆಲಾಪ ನಿಧಾನವಾಗಿ ಬಿಚ್ಚಿಕೊಳ್ಳುವಂಥದ್ದು. ತುಣುಕಿಗೆ ಒಗ್ಗುವುದು ಕೊನೆಯ ತಾನಿನ ಅಬ್ಬರ ಮಾತ್ರ. ಆ ಅಬ್ಬರವನ್ನೇ ಸಂಗೀತವೆಂದು ತಿಳಿದ ಹೊಸ ಕೇಳುಗ ಬೈಠಕ್ಕಿಗೆ ಬಂದರೆ ಮೊದಲ ಅರ್ಧ ಗಂಟೆಯಲ್ಲೇ ಚಡಪಡಿಸುತ್ತಾನೆ. ತುಣುಕಿನಿಂದ ಶುರುವಾಗಿ ಪೂರ್ತಿ ರಾಗಕ್ಕೆ ಬಂದವರೂ ಇದ್ದಾರೆ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಆ ದಾರಿಯನ್ನು ಅವರು ಆ್ಯಪಿನ ಒತ್ತಡದ ವಿರುದ್ಧ ನಡೆದು ಬಂದಿರುತ್ತಾರೆ.

ಇಲ್ಲಿ ಹಿರಿಯರ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ: ಫೋನ್ ಬದಿಗಿಟ್ಟು ನಾಲ್ಕು ಜನರ ನಡುವೆ ಕೂಡಿರಿ. ಧಾರವಾಡಕ್ಕೆ ಈ ಮಾತು ಹೇಳುವ ಅಧಿಕಾರವಿದೆ. ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿದ ಊರಿದು. ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಶುರುವಾದದ್ದು, ಕಾಕತಾಳೀಯವೆಂಬಂತೆ, ಅದೇ 1933ರಲ್ಲಿ. ಸುಭಾಸ ರಸ್ತೆಯ ಅದರ ಅಟ್ಟದ ಮೇಲೆ ಕುರ್ತಕೋಟಿ, ಕಾರ್ನಾಡರಂಥವರು ಕೂತು ಮಾತಾಡಿದ್ದರಿಂದ ಕನ್ನಡಕ್ಕೆ ಏನೇನು ದಕ್ಕಿತೆಂಬುದು ಎಲ್ಲರಿಗೂ ಗೊತ್ತು. ಹರಟೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ, ತಪ್ಪಿದಾಗ ನಕ್ಕು, ಸಿಟ್ಟಾದಾಗ ಚಹಾ ಕುಡಿದು ಬೆಳೆದ ಸ್ನೇಹಕ್ಕೆ ಬದಲಿ ಇಲ್ಲ.

ಆದರೂ ನಾನು ಕೇಳಬೇಕಾದ ಪ್ರಶ್ನೆ ಒಂದಿದೆ. ಆ ಅಟ್ಟಗಳನ್ನು, ಕಟ್ಟೆಗಳನ್ನು ಹತ್ತಲು ಯಾರಿಗೆ ಸಾಧ್ಯವಿತ್ತು? ಬಹುತೇಕ ಗಂಡಸರಿಗೆ, ಓದಿದವರಿಗೆ, ಸಂಜೆಯ ಹೊತ್ತು ಮನೆಗೆಲಸವಿಲ್ಲದವರಿಗೆ. ಗಂಗೂಬಾಯಿ ಹಾನಗಲ್ ಚಿಕ್ಕವರಿದ್ದಾಗ ಧಾರವಾಡದ ಶುಕ್ರವಾರಪೇಟೆಯಲ್ಲಿ ನಡೆದು ಹೋಗುವಾಗ ಜನ ‘ಗಾನೇವಾಲಿ’ ಎಂದು ಹಂಗಿಸಿದ್ದನ್ನು ಅವರೇ ನೆನೆದಿದ್ದಾರೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಪಾಠ ಹೇಳಿಸಿಕೊಂಡ ಆ ತಾಯಿಯ ಛಲ ಎಲ್ಲರಲ್ಲೂ ಇರಲೇಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಇವತ್ತು ಮಕ್ಕಳು ಶಾಲೆಗೆ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತೇ ಕಸೂತಿಯ ಗುಂಪಿಗೆ ತನ್ನ ಗೋಪುರ, ತೇರಿನ ಚಿತ್ತಾರ ಕಳಿಸುವ ಹೆಣ್ಣುಮಗಳಿಗೆ ಅದೇ ಮೊದಲ ಕಟ್ಟೆ. ‘ಗಂಟಿ ಎಳಿ ಎಣಿಸಿ ಹಾಕೀರೇನ್ರಿ ಅಕ್ಕಾರ?’ ಎಂದು ಅಪರಿಚಿತಳೊಬ್ಬಳು ಕೇಳಿದಾಗ ಆಕೆಗೆ ಸಿಗುವ ಮನ್ನಣೆಯನ್ನು ಕಟ್ಟೆಯ ನೆನಪಿನಲ್ಲಿ ಮುಳುಗಿದವರು ಹಗುರವಾಗಿ ನೋಡಬಾರದು.

ಇನ್ನು ಒಂಟಿಯಾಗಿರುವವರು. ಇಲ್ಲಿ ತಕ್ಕಡಿ ತೂಗುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್ ಕೊನೆಗೆ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಆರರಲ್ಲೊಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಅದಕ್ಕೆ ನಂಟಿರುವ ಸಾವುಗಳು ವರ್ಷಕ್ಕೆ 8,71,000. ಒಂಟಿತನ ಎಂದೊಡನೆ ನಮಗೆ ಮುದುಕರು ನೆನಪಾಗುತ್ತಾರೆ, ಆ ವರದಿಯಲ್ಲಿ ಹೆಚ್ಚು ಕಂಡವರು ಹದಿಹರೆಯದವರು. ಎಲ್ಲರಿಗಿಂತ ಹೆಚ್ಚು ಫೋನಿನಲ್ಲಿರುವವರೇ ಎಲ್ಲರಿಗಿಂತ ಒಂಟಿ ಎಂದು ತಕ್ಷಣ ತೀರ್ಪು ಕೊಡಲು ಮನಸ್ಸಾಗುತ್ತದೆ. ಆದರೆ ಫೋನು ಒಂಟಿತನ ತಂದಿತೋ, ಒಂಟಿತನ ಫೋನಿಗೆ ದೂಡಿತೋ ಎನ್ನುವುದು ಈ ಅಂಕಿಯಿಂದ ಗೊತ್ತಾಗುವುದಿಲ್ಲ.

ಸ್ವಲ್ಪ ಹೆಚ್ಚು ಹೇಳುವ ಒಂದು ಪ್ರಯೋಗ 2018ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. 143 ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ದಿನಕ್ಕೆ ತಲಾ 10 ನಿಮಿಷ ಮಾತ್ರ ಎಂದು ಮಿತಿ ಹಾಕಿದರು. ಮೂರು ವಾರದಲ್ಲಿ ಅವರ ಒಂಟಿತನವೂ ಖಿನ್ನತೆಯೂ ಇಳಿದವು. ಫೋನ್ ವಿರೋಧಿಗಳು ಇದನ್ನು ಎತ್ತಿ ಹಿಡಿಯುವುದು ಸಹಜ. ನಾನು ಅದರಲ್ಲಿ ಕಾಣುವುದು ಬೇರೆ: ಆ ಹುಡುಗರು ಕ್ಯಾಂಪಸ್ಸಿನಲ್ಲಿದ್ದರು. ತೆರೆ ಆರಿಸಿದರೆ ಹೊರಗೆ ಗೆಳೆಯರಿದ್ದರು, ಮೈದಾನವಿತ್ತು. ಧಾರವಾಡದ ಮಾಳಮಡ್ಡಿಯ ಮೇಲಂತಸ್ತಿನ ಮನೆಯಲ್ಲಿ ಮೊಣಕಾಲು ಸೋತ, ಮಕ್ಕಳು ಪುಣೆ, ಬೆಂಗಳೂರು, ಅಮೆರಿಕ ಸೇರಿದ ಅಜ್ಜಿಗೆ ತೆರೆ ಆರಿಸಿದರೆ ಸಿಗುವುದೇನು? ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಬಂದ ತಾಯಿಯೊಬ್ಬಳು, ತನ್ನ ಮಗುವಿಗಿರುವ ವಿರಳ ಕಾಯಿಲೆಯ ಇನ್ನೊಂದು ಮಗುವನ್ನು ಇಡೀ ಜಿಲ್ಲೆಯಲ್ಲೇ ಕಾಣದಿರಬಹುದು. ರಾತ್ರಿ ಹನ್ನೊಂದಕ್ಕೆ ‘ನಮ್ಮ ಹುಡುಗನಿಗೂ ಹಿಂಗ ಆಗಿತ್ರಿ, ಅಂಜಬ್ಯಾಡ್ರಿ’ ಎಂದು ಬಳ್ಳಾರಿಯಿಂದ ಬರುವ ದನಿ ಆಕೆಗೆ ಎಷ್ಟು ದೊಡ್ಡದು! ಮನೆಯಲ್ಲಿ, ಊರಲ್ಲಿ ತನ್ನ ಒಲವಿನ ಬಗ್ಗೆ ಬಾಯಿಬಿಡಲಾಗದ ಸಲಿಂಗಿ ಹುಡುಗನಿಗೂ ಅಷ್ಟೇ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅವನು ಅಪರಾಧಿಯಲ್ಲ ಎಂದಿತು, ತನ್ನಂಥವರು ಇನ್ನೂ ಇದ್ದಾರೆ ಎಂದು ತೋರಿಸಿದ್ದು ಬಹುಶಃ ಫೋನು.

ಇಂಥವರಿಗೆ ಹೊರಗೆ ಹೋಗಿ ಜನರೊಂದಿಗೆ ಬೆರೆಯಿರಿ ಎಂದು ಬುದ್ಧಿ ಹೇಳುವುದು ಅವರ ಗಾಯಕ್ಕೆ ಉಪ್ಪು ಹಚ್ಚಿದಂತೆ. ಹವ್ಯಾಸಿಗೆ ನಾನು ಹೇಳುವ ಮಾತು, ಅಂದರೆ ಜೊತೆಗಾರರನ್ನು ಫೋನಿನಲ್ಲಿ ಹುಡುಕು, ಭೇಟಿ ಹೊರಗೆ ಆಗಲಿ ಎಂಬುದು, ಇವರಿಗೆ ಹೊಂದುವುದಿಲ್ಲ. ಇವರ ಪಾಲಿಗೆ ತೆರೆಯ ಮೇಲಿನ ಮಾತೇ ಭೇಟಿ.

ಆದರೆ ಅಷ್ಟೇ ಸ್ಪಷ್ಟವಾಗಿ ಕಾಣುವ ಇನ್ನೊಂದು ಸಂಗತಿ: ಮೋಸಗಾರನೂ ಹುಡುಕುವುದು ಒಂಟಿಯಾಗಿರುವವರನ್ನೇ. ಡಿಜಿಟಲ್ ಅರೆಸ್ಟ್ ಎಂಬ ಹೆಸರಲ್ಲಿ, ಕಾನೂನಿನಲ್ಲಿ ಇಲ್ಲವೇ ಇಲ್ಲದ ಬಂಧನದ ಭಯ ಹುಟ್ಟಿಸಿ, ಪಿಂಚಣಿಯ ಗಂಟು ಕಸಿದವರಿಗೆ ಬಲಿಯಾದವರಲ್ಲಿ ಪಕ್ಕದಲ್ಲಿ ಕೂತು ‘ಕಟ್ ಮಾಡ್ರಿ ಫೋನ’ ಎನ್ನಲು ಯಾರೂ ಇರದ ಹಿರಿಯರು ಬಹಳ. ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕೂಡಲೇ ಕರೆ ಮಾಡಿದರೆ ಹಣ ತಡೆಯುವ ಅವಕಾಶವುಂಟು, ಆದರೆ ಕರೆ ಮಾಡು ಎಂದು ಹೇಳುವವರೂ ಹತ್ತಿರ ಬೇಕು. ಗುಟ್ಟಾಗಿ ಬದುಕುವ ಹುಡುಗನನ್ನು ಡೇಟಿಂಗ್ ಆ್ಯಪಿನಲ್ಲಿ ಸೆಳೆದು ಬೆದರಿಸಿ ದುಡ್ಡು ಕೀಳುವವರೂ ಅದೇ ಗುಟ್ಟನ್ನು ನೆಚ್ಚಿದವರು.

ಗುಂಪಿನ ಬಿಸುಪು ಎಷ್ಟು ಬೇಗ ಬೆಂಕಿಯಾಗುತ್ತದೆಂದು ಈ ಊರು ಸ್ವತಃ ಕಂಡಿದೆ. 2022ರ ಏಪ್ರಿಲ್ 16ರ ರಾತ್ರಿ ಒಂದು ವಾಟ್ಸಾಪ್ ಸ್ಟೇಟಸ್ಸಿನಿಂದ ಎದ್ದ ಗಲಾಟೆ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮೇಲೆ ಕಲ್ಲು ತೂರುವವರೆಗೆ ಹೋಯಿತು. ಅದಕ್ಕೂ ಮೊದಲು, 2018ರ ಜುಲೈನಲ್ಲಿ, ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಜನ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ಅಂಥ ಕೊಲೆಗಳ ಸರಣಿಯ ನಂತರ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆ ಒಮ್ಮೆಲೇ ಕಳಿಸದಂತೆ ಮಿತಿ ಹಾಕಿತು. ಒಂಟಿತನಕ್ಕೆ ಮದ್ದಾದ ಗುಂಪು ಬೇರೆ, ಇನ್ನೊಬ್ಬರನ್ನು ಹೊರಗಿಡಲೆಂದೇ ಕಟ್ಟಿದ ಗುಂಪು ಬೇರೆ ಎಂದು ಹೇಳಿಬಿಡಬಹುದಿತ್ತು. ಆದರೆ ನಿಜದಲ್ಲಿ ಬೆಳಗ್ಗೆ ಶುಭೋದಯ ಕಳಿಸಿದ ಗುಂಪೇ ಸಂಜೆ ವಿಷ ಹಂಚಿರುತ್ತದೆ.

ಇಷ್ಟಾಗಿ, ಈ ಜಾಗ ನಮ್ಮದೂ ಅಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ ಕೊನೆಗೆ ಮುಚ್ಚಿದಾಗ ಅಲ್ಲಿನ ಗುಂಪುಗಳು ಚದುರಿದವು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ, ನಮ್ಮ ಕಡೆಯ ಮಾತಿನಲ್ಲೇ ನಗಿಸಿ ಸಾವಿರಾರು ಜನರನ್ನು ಗಳಿಸಿದ್ದ ಹಳ್ಳಿಯ ಹುಡುಗರ ವಿಡಿಯೊಗಳು ಕಣ್ಮರೆಯಾದವು. ನಿಷೇಧಕ್ಕೆ ದೇಶದ ಭದ್ರತೆಯ ಕಾರಣವಿತ್ತು, ನಷ್ಟ ಮಾತ್ರ ಅವರದು.

ಹಾಗಾದರೆ ಏನು ಮಾಡಬೇಕು ಎಂದರೆ, ಬಿಡಬೇಕೆಂದಾಗಲಿ ಇಡಬೇಕೆಂದಾಗಲಿ ನಾನು ಹೇಳಲಾರೆ. ಎರಡು ಬಗೆಯ ಬಳಕೆಯನ್ನು ಬೇರೆ ಮಾಡಿ ನೋಡುತ್ತೇನೆ. ಹೆಸರು ಹಿಡಿದು ಕರೆಯುವಷ್ಟು ಚಿಕ್ಕದಾದ, ಒಂದು ವಿಷಯಕ್ಕೆ ಕಟ್ಟಿದ, ಹಿಡಿತವಿರುವ ಅಡ್ಮಿನ್ ಇರುವ ಗುಂಪು ಒಂದು. ಕೊನೆಯಿಲ್ಲದೆ ಉರುಳುತ್ತ, ಕಂಪನಿಯ ಲೆಕ್ಕಾಚಾರದಂತೆ ನಮ್ಮ ಮುಂದೆ ಬಂದು ಬೀಳುವ ತುಣುಕುಗಳ ಸಾಲು ಇನ್ನೊಂದು. ಸುಮ್ಮನೆ ನೋಡುವುದು ಕೆಟ್ಟದ್ದು, ಮಾತಾಡುವುದು ಒಳ್ಳೆಯದು ಎಂಬ ಸರಳ ಸೂತ್ರವನ್ನು ಸಂಶೋಧಕರೇ ಈಚೆಗೆ ಅನುಮಾನಿಸಿದ್ದಾರೆ, ನಾನೂ ಅದನ್ನು ಪೂರ್ತಿ ನಂಬುವುದಿಲ್ಲ. ಹಾಸಿಗೆ ಹಿಡಿದವರಿಗೆ ಸುಮ್ಮನೆ ನೋಡುವುದರಲ್ಲೂ ನೆಮ್ಮದಿ ಇರಬಹುದು. ಆದರೆ ಮೊದಲನೆಯದರಲ್ಲಿ ಒಬ್ಬರು ನಾಲ್ಕು ದಿನ ಕಾಣದಿದ್ದರೆ ಯಾರಾದರೂ ಕೇಳುತ್ತಾರೆ. ಎರಡನೆಯದರಲ್ಲಿ ಯಾರೂ ಕೇಳುವುದಿಲ್ಲ.

ಮೊದಲನೆಯದನ್ನು ಗಟ್ಟಿ ಮಾಡುವ ಕೆಲಸ ಕಂಪನಿಗಳಿಗೆ ಬಿಟ್ಟದ್ದಲ್ಲ, ನಾವೇ ಮಾಡಬಹುದು. ಊರಿನ ಸಂಗೀತ ಸಭೆಗಳು, ಸಂಘಗಳು ಬೈಠಕ್ಕನ್ನು ಮನೆಯಿಂದ ಹೊರಡಲಾಗದವರಿಗಾಗಿ ಪೂರ್ತಿ, ಕತ್ತರಿಸದೆ, ಫೋನಿನಲ್ಲಿ ಕೊಡಬಹುದು. ಕ್ಯಾಸೆಟ್ ಹಂಚುವ ರಸಿಕರು ಒಂದು ಪ್ರತಿಯನ್ನು ಗ್ರಂಥಾಲಯಕ್ಕೂ ಕೊಟ್ಟಿಡಬಹುದು. ಕಸೂತಿಯ ಗುಂಪಿನವರು ವರ್ಷಕ್ಕೊಮ್ಮೆ ಧಾರವಾಡದಲ್ಲಿ ಸೇರುವುದಾದರೆ, ಬರಲಾಗದ ಸದಸ್ಯೆಯ ಮನೆಗೆ ಇಬ್ಬರು ಹೋಗಿ ಆಕೆಯ ಸೀರೆಯ ಸೆರಗನ್ನು ಕಣ್ಣಾರೆ ನೋಡಿ ಬರಬಹುದು.