ಎಕ್ಸ್‌ರೇ ಕೋಣೆಯ ಬಾಗಿಲಿಗೆ ಅಳತೆಯ ಚೀಟಿ ಬೇಕು

ಅಣ್ಣಿಗೇರಿಯಲ್ಲಿ ಕಡಲೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಲೇಬೇಕು. ಅದರ ಪ್ರಮಾಣಪತ್ರವನ್ನು ವ್ಯಾಪಾರಿ ಎಲ್ಲರಿಗೂ ಕಾಣುವಂತೆ ಇಡಬೇಕು. ಆ ಕಡಲೆ ಬೆಳೆದ ರೈತ ಬೆನ್ನುನೋವೆಂದು ಎಕ್ಸ್‌ರೇ ತೆಗೆಸಲು ಹೋದಾಗ, ತನ್ನ ಮೈ ಹಾಯುವ ಕಿರಣದ ಅಳತೆ ಸರಿಯಿದೆಯೇ ಎಂದು ಕೇಳುವ ರೂಢಿ ಮಾತ್ರ ನಮ್ಮಲ್ಲಿ ಬೆಳೆದಿಲ್ಲ. ಅದು ಬೆಳೆಯಬೇಕು.

ಎಕ್ಸ್‌ರೇ ತೆಗೆಯುವವರು ಗುಂಡಿ ಒತ್ತುವ ಮುನ್ನ ಮುಖ್ಯವಾಗಿ ಮೂರು ಅಂಕಿಗಳನ್ನು ಹೊಂದಿಸುತ್ತಾರೆ: ಕೆ.ವಿ., ಎಂ.ಎ. ಮತ್ತು ಸಮಯ. ಕಿರಣ ಎಷ್ಟು ಆಳಕ್ಕೆ ತೂರಬಲ್ಲದು ಎಂಬುದನ್ನು ಕೆ.ವಿ. ನಿರ್ಧರಿಸಿದರೆ, ಎಷ್ಟು ಕಿರಣ ಬೀಳಬೇಕು ಎಂಬುದನ್ನು ಉಳಿದೆರಡು ನಿರ್ಧರಿಸುತ್ತವೆ. ಸಮಯ ಎರಡು ಪಟ್ಟಾದರೆ ಮೈಗೆ ತಾಗುವ ಕಿರಣವೂ ಎರಡು ಪಟ್ಟು. ಆದರೆ ಫಲಕದ ಮೇಲೆ ಕಾಣುವ 70 ಕೆ.ವಿ. ಯಂತ್ರಕ್ಕೆ ನಾವು ಕೊಟ್ಟ ಆದೇಶ ಮಾತ್ರ. ಯಂತ್ರ ನಿಜಕ್ಕೂ ಎಷ್ಟು ಕೊಟ್ಟಿತು ಎಂಬುದು ಅಳೆಯದೆ ಗೊತ್ತಾಗುವುದಿಲ್ಲ. ಅದಕ್ಕೇ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಎರಡು ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಸಂಸ್ಥೆಯಿಂದ ಗುಣಮಟ್ಟ ಪರೀಕ್ಷೆ ಮಾಡಿಸುವುದನ್ನು ಕಡ್ಡಾಯ ಮಾಡಿದೆ. ಕೆ.ವಿ. 5ಕ್ಕಿಂತ ಹೆಚ್ಚು ಆಚೀಚೆ ಆಗಕೂಡದು, ಸಮಯ ಶೇ 10ಕ್ಕಿಂತ ಹೆಚ್ಚು ತಪ್ಪಕೂಡದು. ಸರಕಾರಿ ಆಸ್ಪತ್ರೆ, ಖಾಸಗಿ ಲ್ಯಾಬ್ ಎಂಬ ಭೇದ ಈ ನಿಯಮಕ್ಕಿಲ್ಲ.

ನವಲಗುಂದ, ಕುಂದಗೋಳ, ಕಲಘಟಗಿಯಂಥ ತಾಲ್ಲೂಕುಗಳಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ಕಾರಣ, ಕರೆಂಟು. ಉದ್ದ ಲೈನಿನ ತುದಿಯಲ್ಲಿರುವ ಊರಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ಮನೆಯ ದೀಪ ಮಂಕಾಗುವುದನ್ನು ಎಲ್ಲರೂ ಕಂಡಿದ್ದಾರೆ. ಎಕ್ಸ್‌ರೇ ಯಂತ್ರವೂ ತಾನೇ ದೊಡ್ಡ ಹೊರೆ. 100 ಎಂ.ಎ., 70 ಕೆ.ವಿ.ಗೆ ಹೊಂದಿಸಿದ ಸಾಧಾರಣ ಯಂತ್ರ ಆ ಒಂದು ಕ್ಷಣದಲ್ಲಿ 5ರಿಂದ 7 ಕಿಲೋವ್ಯಾಟ್ ಎಳೆಯುತ್ತದೆ. ಗುಂಡಿ ಒತ್ತುವ ಮುನ್ನ ಸ್ಟೆಬಿಲೈಸರ್ ಮುಳ್ಳು 230 ತೋರಿಸುತ್ತಿರಬಹುದು. ವೈರಿಂಗ್ ತೆಳುವಾಗಿದ್ದರೆ ಕಿರಣ ಹೊರಡುವ ಆ ಗಳಿಗೆಯಲ್ಲೇ ವೋಲ್ಟೇಜ್ ಕುಸಿಯುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸ ಹೈ-ಫ್ರೀಕ್ವೆನ್ಸಿ ಯಂತ್ರಗಳು ಇದನ್ನು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತವೆ. ಹಳೆಯ ಸಿಂಗಲ್ ಫೇಸ್ ಯಂತ್ರಗಳಿಗೆ ಆ ಶಕ್ತಿ ಕಡಿಮೆ. 70 ಇರಬೇಕಾದಲ್ಲಿ 62 ಬಂದರೆ ಟ್ಯೂಬಿನಿಂದ ಹೊರಬೀಳುವ ಕಿರಣ ಐದರಲ್ಲಿ ಒಂದು ಪಾಲು ಕುಗ್ಗುತ್ತದೆ, ದೇಹ ದಾಟಿ ಪ್ಲೇಟಿಗೆ ತಲುಪುವುದು ಅದಕ್ಕಿಂತ ಹೆಚ್ಚು ಕುಗ್ಗುತ್ತದೆ. ಚಿತ್ರ ಮಸುಕಾಗುತ್ತದೆ. ಆಗ ಸಮಯ ಹೆಚ್ಚಿಸಿ ಮತ್ತೊಂದು ತೆಗೆಯುತ್ತಾರೆ. ತೂರುವ ಬಲವಿಲ್ಲದ ಕಿರಣ ಬಹುಪಾಲು ಚರ್ಮದಲ್ಲೂ ಅದರಡಿಯ ಮಾಂಸದಲ್ಲೂ ಇಂಗುತ್ತದೆ, ರೋಗ ಹುಡುಕಲು ಉಪಯೋಗಕ್ಕೆ ಬರುವುದಿಲ್ಲ. ಉಸಿರು ಬಿಗಿಹಿಡಿಯಲಾರದ ಮಗುವಿನ ಎದೆಯ ಚಿತ್ರವಾದರೆ ಸಮಯ ಹೆಚ್ಚಿದಷ್ಟೂ ಅದು ಕಲಸಿಹೋಗುತ್ತದೆ. ಕೊನೆಗೆ ಹುಬ್ಬಳ್ಳಿಗೆ ಹೋದಾಗ ಅಲ್ಲಿಯ ಡಾಕ್ಟರು ‘ಇದರಾಗ ಏನೂ ಕಾಣಂಗಿಲ್ಲ, ಇನ್ನೊಂದ ತಗಸ್ಕೊಂಡ ಬರ್ರಿ’ ಎನ್ನುತ್ತಾರೆ. ಬಸ್ ಖರ್ಚು, ಒಂದು ದಿನದ ಕೂಲಿ, ಇನ್ನೊಂದು ಸಲದ ಕಿರಣ ಎಲ್ಲವೂ ರೋಗಿಯ ಲೆಕ್ಕಕ್ಕೆ.

ಫಿಲ್ಮಿನ ಕಾಲದಲ್ಲಿ ತಪ್ಪು ತಾನಾಗಿ ಬಯಲಾಗುತ್ತಿತ್ತು. ಕಿರಣ ಹೆಚ್ಚಾದರೆ ಫಿಲ್ಮು ಕಪ್ಪು, ಕಡಿಮೆಯಾದರೆ ಬಿಳಿಚು. ಈಗಿನ ಡಿಜಿಟಲ್ ಯಂತ್ರಗಳಲ್ಲಿ ಸಾಫ್ಟ್‌ವೇರು ಬೆಳಕನ್ನು ಹೊಂದಿಸಿಬಿಡುತ್ತದೆ. ಬೇಕಾದ್ದಕ್ಕಿಂತ ಎರಡು ಪಟ್ಟು ಕಿರಣ ಬಿದ್ದರೂ ಪರದೆಯ ಮೇಲೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಇನ್ನೂ ನುಣುಪಾಗಿಯೂ ಕಾಣಬಹುದು. ನನ್ನ ಮಟ್ಟಿಗೆ ಆತಂಕದ ಮುಖ್ಯ ಸಂಗತಿ ಇದೇ. ಚಿತ್ರ ಚೆಂದ ಬಂತೆಂದು ಯಂತ್ರ ಸರಿಯಿದೆ ಎನ್ನುವಂತಿಲ್ಲ.

ಅಳೆಯುವುದೇನೂ ದೊಡ್ಡ ಕೆಲಸವಲ್ಲ. ಹಿಂದೆ ಸಮಯ ಅಳೆಯಲು ಬುಗುರಿ ಬಳಸುತ್ತಿದ್ದರು. ಸಣ್ಣ ತೂತಿರುವ ಲೋಹದ ಬಿಲ್ಲೆಯನ್ನು ಕ್ಯಾಸೆಟ್ಟಿನ ಮೇಲೆ ತಿರುಗಿಸಿ ಒಂದು ಚಿತ್ರ ತೆಗೆಯುವುದು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ, ಪೂರ್ಣ ತರಂಗದ ಸಿಂಗಲ್ ಫೇಸ್ ಯಂತ್ರದಿಂದ ಸೆಕೆಂಡಿಗೆ 100 ಸಲ ಕಿರಣ ಮಿಡಿಯುತ್ತದೆ. 0.1 ಸೆಕೆಂಡಿಗೆ ಹೊಂದಿಸಿದರೆ ಫಿಲ್ಮಿನಲ್ಲಿ 10 ಚುಕ್ಕೆ ಮೂಡಬೇಕು. 8 ಬಂದರೆ ಟೈಮರ್ ತಪ್ಪು ಎಂದೇ ಅರ್ಥ. ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಕೆ.ವಿ. ಮೀಟರ್‌ಗಳಿವೆ. ಬೇರೆ ಬೇರೆ ದಪ್ಪದ ಲೋಹದ ಹಾಳೆಗಳ ಹಿಂದಿನ ಸಂವೇದಕಗಳಿಗೆ ಎಷ್ಟೆಷ್ಟು ಕಿರಣ ತಲುಪಿತು ಎಂಬ ಅನುಪಾತದಿಂದ ಅವು ಕೆ.ವಿ. ಲೆಕ್ಕ ಹಾಕುತ್ತವೆ. ಯಂತ್ರ ಬಿಚ್ಚಬೇಕಿಲ್ಲ. ಟೇಬಲ್ ಮೇಲಿಟ್ಟು ಒಮ್ಮೆ ಗುಂಡಿ ಒತ್ತಿದರೆ ಕೆ.ವಿ., ಸಮಯ ಎರಡೂ ಸಿಗುತ್ತವೆ.

ಇದನ್ನು ಓದಿ ಯಾರೂ ಎಕ್ಸ್‌ರೇಗೆ ಹೆದರಬಾರದು. ಸರಿಯಾಗಿ ತೆಗೆದ ಒಂದು ಎದೆಯ ಚಿತ್ರದಿಂದ ಸಿಗುವ ವಿಕಿರಣ ಬಹಳ ಕಡಿಮೆ, ಕೆಲವೇ ದಿನಗಳಲ್ಲಿ ನೆಲ, ಆಕಾಶ, ಗಾಳಿಯಿಂದ ಎಲ್ಲರಿಗೂ ಸಿಗುವಷ್ಟು. ಕ್ಷಯದ ಶಂಕೆಯಿದ್ದರೆ, ಎಲುಬು ಮುರಿದಿದ್ದರೆ ತೆಗೆಸಲೇಬೇಕು.

ಜಿಲ್ಲಾ ಆರೋಗ್ಯ ಇಲಾಖೆಯಲ್ಲಿ ನಮ್ಮ ಬೇಡಿಕೆ ಸರಳ. ಎರಡು ವರ್ಷದ ಪರೀಕ್ಷೆಗೆ ಕಾಯುತ್ತ ಕೂರದೆ, ಇಡೀ ಜಿಲ್ಲೆಗೆ ಒಂದು ಕೆ.ವಿ. ಮೀಟರ್ ಕೊಂಡು ತಾಲ್ಲೂಕಿನಿಂದ ತಾಲ್ಲೂಕಿಗೆ ತಿರುಗಿಸಿ. ಬೆಳಗಿನ ಒಳ್ಳೆಯ ಕರೆಂಟಿನಲ್ಲಷ್ಟೇ ಅಲ್ಲ, ಪಂಪ್‌ಸೆಟ್ ಓಡುವ ಹೊತ್ತಿನಲ್ಲೂ ಅಳೆಯಿರಿ. ಟ್ಯೂಬ್ ಬದಲಿಸಿದಾಗ, ದೊಡ್ಡ ರಿಪೇರಿ ಆದಾಗ ಪರೀಕ್ಷೆ ಮುಗಿಯದೆ ರೋಗಿಯನ್ನು ಮಲಗಿಸಬೇಡಿ. ಪರೀಕ್ಷೆಯ ದಿನಾಂಕ, ಹೊಂದಿಸಿದ ಅಂಕಿ, ಅಳೆದಾಗ ಬಂದ ಅಂಕಿ ಇಷ್ಟನ್ನು ಕನ್ನಡದಲ್ಲಿ ಬರೆದು ಎಕ್ಸ್‌ರೇ ಕೋಣೆಯ ಬಾಗಿಲಿಗೆ ಅಂಟಿಸಿ. ಖಾಸಗಿಯವರೂ ಹಾಗೆಯೇ ಮಾಡಲಿ. ಓದುಗರು ಮುಂದಿನ ಸಲ ಎಕ್ಸ್‌ರೇಗೆ ಹೋದಾಗ ಯಂತ್ರದ ಪರೀಕ್ಷೆ ಯಾವಾಗ ಆಯಿತೆಂದು ಸಂಕೋಚವಿಲ್ಲದೆ ಕೇಳಿ.