ಹೇಸರಗತ್ತೆ ನಡೆದ ದಂಡೆಯ ಮೇಲೆ ಸೈಕಲ್ಲು

ಮಕ್ಕಳು ಅಮೆರಿಕೆಯಲ್ಲಿ ನೆಲೆಸಿರುವ ತಂದೆತಾಯಿಗಳು ಈಗ ನಮ್ಮ ಸಮಾಜದಲ್ಲಿ ಊರಿಗೆ ನಾಲ್ಕಾರು ಮಂದಿಯಾದರೂ ಸಿಗುವರು. ಆರು ತಿಂಗಳು ಅಲ್ಲಿದ್ದು ಮರಳಿದವರನ್ನು ಮಾತನಾಡಿಸಿದರೆ, ಮನೆ ದೊಡ್ಡದು, ಮಗ ಸೊಸೆ ಅಕ್ಕರೆಯಿಂದ ನೋಡಿಕೊಂಡರು, ಮೊಮ್ಮಕ್ಕಳೊಡನೆ ಕಾಲ ಕಳೆದುದೇ ತಿಳಿಯಲಿಲ್ಲ ಎನ್ನುವರು. ಕೊನೆಗೆ ದನಿ ತಗ್ಗಿಸಿ, "ಆದರ ಕಾರಿಲ್ಲದ ಹೊಸ್ತಿಲಾ ದಾಟೂ ಹಂಗಿಲ್ಲ ನೋಡ್ರಿ" ಎಂದೂ ಸೇರಿಸುವರು. ಮಕ್ಕಳು ಕೆಲಸಕ್ಕೆ ಹೊರಟುಹೋದ ಮೇಲೆ ಕಿಟಕಿಯಿಂದ ರಸ್ತೆ ನೋಡುತ್ತ ಕುಳಿತ ಆ ಹಿರಿಯರ ಸಂಕಟ ಸಣ್ಣದಲ್ಲ. ಅಂಥ ಕಾರುಗಳ ನಾಡಿನಲ್ಲಿಯೇ, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದೆ ನದಿಯ ದಂಡೆಯನ್ನೂ ಕಾಡಿನ ನೆರಳನ್ನೂ ಹಿಡಿದು ಸಾಗುವ ಸುಮಾರು 540 ಕಿಲೋಮೀಟರ್ ಉದ್ದದ ಹಾದಿಯೊಂದುಂಟು. ಈ ತಿಂಗಳ ಅಂಕಣವನ್ನು ಅದಕ್ಕೆ ಮೀಸಲಿಡುವೆನು.

ಹಾದಿಯ ಒಂದು ತುದಿ ರಾಜಧಾನಿ ವಾಷಿಂಗ್ಟನ್; ಇನ್ನೊಂದು ತುದಿ ಪಿಟ್ಸ್‌ಬರ್ಗ್. ಪಿಟ್ಸ್‌ಬರ್ಗ್ ಎಂದೊಡನೆ ನಮ್ಮವರಿಗೆ ಅಲ್ಲಿನ ವೆಂಕಟೇಶ್ವರ ದೇವಾಲಯ ನೆನಪಿಗೆ ಬರುವುದು ಸಹಜ. ನಡುವೆ ಕಂಬರ್‌ಲ್ಯಾಂಡ್ ಎಂಬ ಬೆಟ್ಟದ ಸೆರಗಿನ ಪಟ್ಟಣ. ವಾಷಿಂಗ್ಟನ್ನಿನಿಂದ ಅಲ್ಲಿಯವರೆಗಿನ 297 ಕಿ.ಮೀ. ಹಾದಿ ಪೊಟೊಮ್ಯಾಕ್ ನದಿಯ ಪಕ್ಕದ ಹಳೆಯ ಕಾಲುವೆಯ ದಂಡೆ. ಅಲ್ಲಿಂದ ಪಿಟ್ಸ್‌ಬರ್ಗಿನವರೆಗಿನ ಸುಮಾರು 240 ಕಿ.ಮೀ. ಬಹುಮಟ್ಟಿಗೆ ಹಳಿ ಕಿತ್ತ ರೈಲು ದಾರಿ. ಅದನ್ನು ಗ್ರೇಟ್ ಅಲಿಗೇನಿ ಪ್ಯಾಸೇಜ್ ಎಂದು ಕರೆಯುವರು. ಅಲ್ಲಲ್ಲಿ ಊರ ರಸ್ತೆಯನ್ನು ಅಡ್ಡ ದಾಟುವುದನ್ನು ಬಿಟ್ಟರೆ ಹಿಂದಿನಿಂದ ಹಾರ್ನು ಬಾರಿಸುವವರಿಲ್ಲ. ಸಾಮಾನ್ಯವಾಗಿ ಒಂದು ವಾರದಲ್ಲಿ ಸೈಕಲ್ಲಿನವರು ಇಷ್ಟನ್ನೂ ಕ್ರಮಿಸುವರು.

ಬೆಟ್ಟದ ಸೀಮೆಯಲ್ಲಿ ಸೈಕಲ್ಲೆಂದರೆ ಎದೆಯುಬ್ಬಸ ತಪ್ಪದೆಂದು ವಾಚಕರು ಎಣಿಸಬಹುದು. ಹಾಗಿಲ್ಲ. ಕಾಲುವೆಯ ಕಾಲದಲ್ಲಿ ಈ ದಂಡೆಯ ಮೇಲೆ ನಡೆದುದು ಹೇಸರಗತ್ತೆ. ಉದ್ದ ಹಗ್ಗದಿಂದ ಕಲ್ಲಿದ್ದಲಿನ ದೋಣಿಯನ್ನು ಎಳೆಯುತ್ತ ದಿನವಿಡೀ ನಡೆಯಬೇಕಾದುದರಿಂದ ಅದಕ್ಕೆ ಏರು ಕೊಡುವಂತಿರಲಿಲ್ಲ. ಕಾಲುವೆಯ ನೀರಾದರೂ ಏರನ್ನು ಒಪ್ಪದು. ಆದುದರಿಂದ 297 ಕಿ.ಮೀ. ದೂರದಲ್ಲಿ ಏರಬೇಕಾದ 184 ಮೀಟರುಗಳನ್ನು 74 ಮೆಟ್ಟಿಲುಗಳಾಗಿ ಹಂಚಿದರು. ಒಂದೊಂದು ಮೆಟ್ಟಿಲೂ ಒಂದೊಂದು ಕಲ್ಲಿನ ತೊಟ್ಟಿ. ದೋಣಿ ಒಳಹೊಕ್ಕ ಮೇಲೆ ಹಿಂದಿನ ಬಾಗಿಲು ಮುಚ್ಚಿ ಮೇಲಿನಿಂದ ನೀರು ಬಿಟ್ಟರೆ ದೋಣಿ ತಾನೇ ಮೇಲಕ್ಕೇಳುವುದು. ಮುಂದಿನ ಬಾಗಿಲು ತೆರೆದರೆ ಪಯಣ ಮುಂದುವರಿಯುವುದು. ಇಂದು ಸೈಕಲ್ಲಿನವನಿಗೆ ಈ ತೊಟ್ಟಿಯ ಪಕ್ಕದಲ್ಲಿ ಎಂಟಡಿಯ ಸಣ್ಣ ದಿಬ್ಬ, ಆಮೇಲೆ ಮೈಲಿಗಟ್ಟಲೆ ಸಮತಟ್ಟು. ಉಗಿಬಂಡಿಯ ಕಥೆಯೂ ಅದೇ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಕಡಿದಾದ ಏರಿನಲ್ಲಿ ಜಾರುವುದರಿಂದ, ಎಂಜಿನಿಯರುಗಳು ಬೆಟ್ಟವನ್ನು ಬಳಸಿ, ಕೊರೆದು, ಕಣಿವೆಗೆ ಸೇತುವೆ ಹಾಕಿ ಏರನ್ನು ಸಣ್ಣದು ಮಾಡಿದರು. ಮೂಕಪ್ರಾಣಿಯ ಮತ್ತು ಉಗಿಯಂತ್ರದ ದೌರ್ಬಲ್ಯಗಳು ಇಂದು ಅರವತ್ತು ದಾಟಿದವರ ಮೊಣಕಾಲಿಗೆ ಉಪಕಾರವಾಗಿ ಒದಗಿವೆ.

ಈ ಕಾಲುವೆಯ ಜನ್ಮವೇ ಒಂದು ಸ್ವಾರಸ್ಯ. 1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿ ಪೂಜೆಗೆಂದು ಬಂದರು. ಮೊದಲ ಏಟಿಗೇ ಸಲಿಕೆ ಬೇರಿಗೆ ತಾಗಿತು. ಅವರು ಕೋಟು ಕಳಚಿಟ್ಟು ಮತ್ತೆ ಅಗೆದರಂತೆ, ನೆರೆದವರು ಹರ್ಷೋದ್ಗಾರ ಮಾಡಿದರಂತೆ. ಅದೇ ದಿನ ಬಾಲ್ಟಿಮೋರಿನಲ್ಲಿ ರೈಲುಮಾರ್ಗಕ್ಕೂ ಶಂಕುಸ್ಥಾಪನೆಯಾಯಿತು. ರೈಲು 1842ರಲ್ಲಿಯೇ ಕಂಬರ್‌ಲ್ಯಾಂಡ್ ತಲುಪಿತು. ಕಾಲುವೆ ತಲುಪಿದುದು 1850ರಲ್ಲಿ. ಹುಟ್ಟುವಾಗಲೇ ಹಳತಾಗಿದ್ದ ಕಾಲುವೆಯೆಂದರೂ ಸಲ್ಲುವುದು. ಆದರೂ ಅದು 1924ರವರೆಗೆ ದುಡಿಯಿತು. ದೋಣಿಯೇ ಮನೆಯಾದ ಕುಟುಂಬಗಳಿದ್ದವು: ತಂದೆ ಚುಕ್ಕಾಣಿ ಹಿಡಿದರೆ ತಾಯಿ ಹಿಂದಿನ ಕೋಣೆಯಷ್ಟು ಜಾಗದಲ್ಲಿ ಅಡಿಗೆ ಮಾಡುವಳು, ಮಕ್ಕಳು ದಂಡೆಯ ಮೇಲೆ ಹೇಸರಗತ್ತೆಯ ಹಿಂದೆ ನಡೆಯುವರು. ಆ ಮಕ್ಕಳು ಬರಿಗಾಲಲ್ಲಿ ಸವೆಸಿದ ದಾರಿಯ ಮೇಲೆ ಇಂದು ವಿಹಾರಕ್ಕೆ ಹೋಗುತ್ತೇವೆಂಬುದನ್ನು ಮರೆಯಲಾಗದು.

1924ರ ಮಹಾಪೂರದ ತರುವಾಯ ದೋಣಿಗಳು ನಿಂತುವು. 1938ರಲ್ಲಿ ಸರ್ಕಾರ ಪಾಳುಬಿದ್ದ ಕಾಲುವೆಯನ್ನು 20 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಏನು ಮಾಡುವುದೆಂದು ತಿಳಿಯದೆ ಕೊನೆಗೆ ಅದರ ಜಾಡಿನಲ್ಲಿ ಕಾರುಗಳಿಗಾಗಿ ವಿಹಾರ ರಸ್ತೆಯೊಂದನ್ನು ನಿರ್ಮಿಸುವ ಆಲೋಚನೆ ಹುಟ್ಟಿತು. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ತನ್ನ ಸಂಪಾದಕೀಯದಲ್ಲಿ ಅದನ್ನು ಸಮರ್ಥಿಸಿತು. ಆಗ ಸರ್ವೋಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ವಿಲಿಯಂ ಓ. ಡಗ್ಲಾಸ್ ಅವರು ಆ ದಂಡೆಯ ಮೇಲೆ ನಡೆದಾಡುವ ರೂಢಿಯವರು. ಅವರು ಪತ್ರಿಕೆಗೆ ಕಾಗದ ಬರೆದು, ಸಂಪಾದಕರು ತಮ್ಮೊಡನೆ ಒಮ್ಮೆ ಇಡೀ ದಾರಿಯನ್ನು ನಡೆದು ನೋಡಿ ಆಮೇಲೆ ಬರೆಯಲಿ ಎಂದು ಸವಾಲು ಹಾಕಿದರು. ಪತ್ರಿಕೆಯವರು ಒಪ್ಪಿದರು. ಮಾರ್ಚ್ 20ರಂದು ಕಂಬರ್‌ಲ್ಯಾಂಡಿನಿಂದ ಹೊರಟ ತಂಡ ಎಂಟು ದಿನಗಳಲ್ಲಿ ರಾಜಧಾನಿ ಮುಟ್ಟಿತು. ಒಂದಡಿಯನ್ನೂ ಬಿಡದೆ ಪೂರ್ತಿ ನಡೆದವರು ಒಂಬತ್ತೇ ಮಂದಿ. ಅವರಲ್ಲಿ ಐವತ್ತೈದು ವರ್ಷದ ನ್ಯಾಯಮೂರ್ತಿಗಳೂ ಒಬ್ಬರು. ಪತ್ರಿಕೆ ತನ್ನ ನಿಲುವನ್ನು ಬದಲಿಸಿಕೊಂಡಿತು. ಪತ್ರಿಕೆಯೊಂದು ಹೀಗೆ ಕಾಲಿಗೆ ಬೊಕ್ಕೆ ಎದ್ದ ಮೇಲೆ ಅಭಿಪ್ರಾಯ ತಿದ್ದಿಕೊಂಡ ನಿದರ್ಶನ ವಿರಳವೇ ಸರಿ. ರಸ್ತೆಯ ಯೋಜನೆ ಹಿಂದೆ ಸರಿದು, 1971ರಲ್ಲಿ ಆ ದಂಡೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಅಂದು ರಸ್ತೆ ಬಂದಿದ್ದರೆ ಪೊಟೊಮ್ಯಾಕ್ ದಂಡೆಯೂ ಕಾರಿನ ಗಾಜಿನಾಚೆ ಓಡಿಹೋಗುವ ಇನ್ನೊಂದು ನೋಟವಾಗುತ್ತಿತ್ತು.

ಈ ಭಾಗದಲ್ಲಿ ಎಲ್ಲರೂ ನಿಂತು ನೋಡುವುದು ಪಾಪಾ ಸುರಂಗವನ್ನು. ನದಿಯ ಸುತ್ತುಬಳಸನ್ನು ತಪ್ಪಿಸಲು ಬೆಟ್ಟವನ್ನೇ ಕೊರೆದರು. 1836ರಲ್ಲಿ ತೊಡಗಿದ ಕೆಲಸ ಹಣದ ಮುಗ್ಗಟ್ಟು, ಕಾರ್ಮಿಕರ ಜಗಳಗಳ ನಡುವೆ ತೆವಳಿ 1850ಕ್ಕೆ ಮುಗಿಯಿತು. ಉದ್ದ 950 ಮೀಟರ್; ಒಳಗೋಡೆಗೆ ಬಳಸಿದ ಇಟ್ಟಿಗೆಗಳು ಸುಮಾರು 60 ಲಕ್ಷ. ಒಳಗೆ ದೀಪವಿಲ್ಲ. ಬ್ಯಾಟರಿ ಹಿಡಿದು, ಸೈಕಲ್ಲಿನಿಂದಿಳಿದು, ಕಟಕಟೆಯ ಪಕ್ಕದಲ್ಲಿ ತಳ್ಳಿಕೊಂಡು ಹೋಗುವುದೇ ಲೇಸು. ಸುರಂಗದ ಹೆಸರು ಅಲ್ಲಿನ ಒಂದು ಕಾಡುಹಣ್ಣಿನದು. ಪಾಪಾ ಎಂಬ ಈ ಮರ ನಮ್ಮ ಸೀತಾಫಲದ ಕುಲಕ್ಕೇ ಸೇರಿದುದು, ಸೆಪ್ಟೆಂಬರಿನಲ್ಲಿ ಹಣ್ಣಾಗುವುದು. ಮೆತ್ತನೆಯ ತಿರುಳು, ಕರಿಯ ಬೀಜಗಳು. ಸಾವಿರಾರು ಹರದಾರಿಯಾಚೆಯ ಕಾಡಿನಲ್ಲಿ ನೆಂಟರೊಬ್ಬರು ಎದುರಾದಂತೆ!

ಕಂಬರ್‌ಲ್ಯಾಂಡ್ ದಾಟಿದರೆ ಏರು ಮೊದಲಾಗುವುದು. 38 ಕಿ.ಮೀ. ದೂರದಲ್ಲಿ ಸುಮಾರು 540 ಮೀಟರ್ ಏರಬೇಕು. ಸಾವಿರ ಹೆಜ್ಜೆ ಮುಂದಿಟ್ಟರೆ ಹದಿನಾಲ್ಕು ಹೆಜ್ಜೆ ಮೇಲಕ್ಕೇರಿದಂತೆ. ಇಡೀ ಪಯಣದಲ್ಲಿ ಕಷ್ಟವೆನ್ನಬಹುದಾದುದು ಇದೊಂದೇ. ಪಿಟ್ಸ್‌ಬರ್ಗಿನಿಂದ ಹೊರಟವರಿಗೆ ಇದೇ ಇಳಿಜಾರು. ಆದುದರಿಂದ ವಯಸ್ಸಾದವರು ಆ ಕಡೆಯಿಂದ ಹೊರಡುವುದು ಜಾಣತನ. ನೆತ್ತಿಯಲ್ಲಿ, 729 ಮೀಟರ್ ಎತ್ತರದಲ್ಲಿ, ಜಲವಿಭಾಜಕವುಂಟು. ಇತ್ತ ಬಿದ್ದ ಮಳೆ ಪೊಟೊಮ್ಯಾಕ್ ಸೇರಿ ಅಟ್ಲಾಂಟಿಕ್ ಕಡಲಿಗೆ ಹೋದರೆ, ಅತ್ತ ಬಿದ್ದುದು ಒಹಾಯೊ, ಮಿಸಿಸಿಪ್ಪಿ ನದಿಗಳ ಮೂಲಕ ಮೆಕ್ಸಿಕೋ ಕೊಲ್ಲಿಗೆ ಇಳಿಯುವುದು. ಸಹ್ಯಾದ್ರಿಯ ಸೆರಗಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದಾಚೆಗೆ ಕ್ಯಾಸಲ್‌ಮನ್, ಯಾಕಗೇನಿ ನದಿಗಳ ಕಣಿವೆ. ಒಹಾಯೊಪೈಲ್ ಎಂಬಲ್ಲಿ ಎತ್ತರದ ಹಳೆಯ ರೈಲು ಸೇತುವೆಯ ಮೇಲೆ ನಿಂತರೆ ಕೆಳಗೆ ನದಿ, ಸುತ್ತ ಕಾಡು. ಅಕ್ಟೋಬರಿನಲ್ಲಿ ಆ ಕಾಡೆಲ್ಲ ಕೆಂಪು, ಹಳದಿ.

ಈ ರೈಲು ದಾರಿಯಾದರೂ ಸುಲಭವಾಗಿ ದಕ್ಕಿದುದಲ್ಲ. ಬೆಟ್ಟದ ಮೇಲಣ ರೈಲು 1975ರಲ್ಲಿ ನಿಂತಿತು. 1986ರಲ್ಲಿ ಒಹಾಯೊಪೈಲ್ ಬಳಿ ಸುಮಾರು 15 ಕಿ.ಮೀ. ಹಾದಿ ತೆರೆಯಿತು, ಕೊನೆಯ ತುಂಡು ಕೂಡಿಕೊಂಡುದು 2013ರಲ್ಲಿ. ಇಪ್ಪತ್ತೇಳು ವರ್ಷ! ರೈಲು ನಿಂತೊಡನೆ ಹಳಿಯ ಕೆಳಗಿನ ಭೂಮಿ ಅನೇಕ ಕಡೆ ಪಕ್ಕದ ಹಿಡುವಳಿದಾರರಿಗೆ ಮರಳುವುದುಂಟು. ನಡುವೆ ಒಂದು ತುಂಡು ಕೈತಪ್ಪಿದರೂ ಹಾದಿ ಹಾದಿಯಾಗಿ ಉಳಿಯದು. ಈ ತೊಡಕಿಗಾಗಿ 1983ರಲ್ಲಿ ಆ ದೇಶದ ಸಂಸತ್ತು ಒಂದು ಉಪಾಯ ಮಾಡಿತು: ಮುಂದೆಂದಾದರೂ ರೈಲಿಗೆ ಬೇಕಾದೀತೆಂದು ಜಾಡನ್ನು ಕಾಯ್ದಿರಿಸಿ, ಅಲ್ಲಿಯವರೆಗೆ ಕಾಲುಹಾದಿಯಾಗಿ ಬಳಸಬಹುದು. ಭೂಮಿಯವರು ದಾವೆ ಹೂಡಿದರು. 1990ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು, ಪರಿಹಾರ ಕೇಳುವ ಹಕ್ಕನ್ನು ಮಾತ್ರ ಅವರಿಗೆ ಉಳಿಸಿತು. ಅವರ ದೂರು ಕೇವಲ ಹಟವೆಂದು ನನಗನಿಸದು. ಹೊಲವನ್ನು ಬಲ್ಲ ನಮ್ಮ ಮನೆತನಗಳಿಗೆ ಅದರ ನೋವು ತಿಳಿಯದೆ ಇರದು.

ಹೋಗಬಯಸುವ ಕುಟುಂಬಗಳಿಗೆ ಕೆಲವು ಮಾತು. ಪೂರ್ತಿ ದೂರವೇ ಆಗಬೇಕೆಂದಿಲ್ಲ. ಆ ಸೀಮೆಯಲ್ಲಿ ಮಕ್ಕಳಿರುವವರು ಬೆಳಗಿನ ಹೊತ್ತು ಹತ್ತು ಕಿ.ಮೀ. ಹೋಗಿ ಮರಳಿದರೂ ಸಾಕು. ಸೈಕಲ್ಲು ಬಾರದ ತಾಯಂದಿರು ನಡೆಯಬಹುದು. ಕಾಲುವೆಯ ದಂಡೆ ಮಣ್ಣಿನದಾದ ಕಡೆ ಮಳೆ ಬಂದ ಮರುದಿನ ಕೆಸರು. ರೈಲು ಹಾದಿಗೆ ಸುಣ್ಣಕಲ್ಲಿನ ಪುಡಿ ಹಾಸಿರುವುದರಿಂದ ಬೇಗ ಒಣಗುವುದು. ನದಿ ಉಕ್ಕಿದರೆ ದಂಡೆ ಕೊಚ್ಚಿಹೋಗುವುದೂ ಉಂಟು. 1996ರಲ್ಲಿ ಒಂದೇ ವರ್ಷ ಎರಡು ಬಾರಿ ಹಾಗಾಯಿತು. ಆದುದರಿಂದ ಹೊರಡುವ ಮುನ್ನ ಎಲ್ಲಿ ಮುಚ್ಚಿದೆಯೆಂದು ವಿಚಾರಿಸಿಕೊಳ್ಳಬೇಕು. ಜಲವಿಭಾಜಕದ ಬಳಿಯ ಬಿಗ್ ಸ್ಯಾವೇಜ್ ಸುರಂಗವನ್ನು ಚಳಿಗಾಲದಲ್ಲಿ ಬಾಗಿಲು ಹಾಕಿ ಮುಚ್ಚುವರು. ಹುಲ್ಲಿನಲ್ಲಿ ಕುಳಿತು ಎದ್ದವರು ಸಂಜೆ ಮೈಕೈ ನೋಡಿಕೊಳ್ಳುವುದು ಅವಶ್ಯ. ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವ ಉಣುಗಿನ ಜಾತಿಯ ಹುಳುಗಳೇ ಅಲ್ಲಿ ಲೈಮ್ ಎಂಬ ಬೇರೆ ರೋಗ ತರುವುವು.

ದಾರಿಯ ಸಣ್ಣ ಊರುಗಳಲ್ಲಿ ನಮ್ಮ ಪಥ್ಯದ ಊಟ ದೊರೆಯುವುದು ದುರ್ಲಭ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ ಕಟ್ಟಿಕೊಂಡರೆ ವಾರದ ಚಿಂತೆಯಿಲ್ಲ. ಒಂದು ಡಬ್ಬಿ ಮೊಸರು ಎಲ್ಲ ಅಂಗಡಿಯಲ್ಲೂ ಸಿಗುವುದು. ಕಾಲುವೆಯ ಕಾವಲುಗಾರರು ವಾಸಿಸುತ್ತಿದ್ದ ಹಳೆಯ ಮನೆಗಳಲ್ಲಿ ಕೆಲವನ್ನು ಉದ್ಯಾನದವರು ರಾತ್ರಿ ತಂಗಲು ಬಾಡಿಗೆಗೆ ಕೊಡುವರು, ಮುಂಚೆಯೇ ಕಾಯ್ದಿರಿಸಬೇಕು. ವಾಷಿಂಗ್ಟನ್ ತುದಿಯ ಸೊನ್ನೆ ಮೈಲಿಯ ಗುರುತು ರಾಕ್ ಕ್ರೀಕ್ ಎಂಬ ಹಳ್ಳ ಪೊಟೊಮ್ಯಾಕ್ ಸೇರುವಲ್ಲಿ, ದೋಣಿಮನೆಯೊಂದರ ಹಿಂಬದಿಯಲ್ಲಿದೆ. ಸುಲಭವಾಗಿ ಕಣ್ಣಿಗೆ ಬೀಳದು. ಕೇಳಿಕೊಂಡು ಹೋಗುವುದು ಉತ್ತಮ.