ಎಲ್ಲ ಗುಳಿಗೆಗಳ ಲೆಕ್ಕವೂ ವೈದ್ಯರಿಗೆ ತಿಳಿದಿರಲಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಸದ್ಭಕ್ತರೊಡನೆ ಆರೋಗ್ಯದ ಮಾತು ಬಂದಾಗಲೆಲ್ಲ ನಾವು ಒಂದು ಸಂಗತಿಯನ್ನು ಗಮನಿಸುತ್ತಿದ್ದೇವೆ. ಕೊಲೆಸ್ಟ್ರಾಲ್ ಇಳಿಸಲು ವೈದ್ಯರು ಕೊಟ್ಟ ಸ್ಟಾಟಿನ್ ಮಾತ್ರೆಯ ಜೊತೆಗೆ ನೆಂಟರು ಹೇಳಿದ ಬೆಳ್ಳುಳ್ಳಿ ಗುಳಿಗೆ, ಮಗ ಬೆಂಗಳೂರಿನಿಂದ ತಂದ ಒಮೆಗಾ-3, ಗ್ರಂಥಿಗೆ ಅಂಗಡಿಯ ಗುಗ್ಗುಳ ಎಲ್ಲವೂ ಸೇರಿರುತ್ತವೆ. ವೈದ್ಯರಿಗೆ ತಿಳಿಸಿದಿರಾ ಎಂದರೆ, "ಅದೇನು ಔಷಧಿಯೇ, ಬಿಡಿ" ಎಂಬ ಉತ್ತರ ಬರುತ್ತದೆ. ಅಪಾಯವಿರುವುದು ಈ ಉತ್ತರದಲ್ಲಿಯೇ.

ಕೆಂಪು ಯೀಸ್ಟ್ ಅಕ್ಕಿಯ ಗುಳಿಗೆಯನ್ನೇ ನೋಡೋಣ. ಅದರಲ್ಲಿರುವ ಮೊನಾಕೊಲಿನ್-ಕೆ ಎಂಬ ಅಂಶವೂ ಲೋವಾಸ್ಟಾಟಿನ್ ಎಂಬ ಔಷಧಿಯೂ ಒಂದೇ. ಸ್ಟಾಟಿನ್ ಸೇವಿಸುವವರು ಇದನ್ನೂ ನುಂಗಿದರೆ ಒಂದೇ ಬಗೆಯ ಮದ್ದು ಎರಡು ಸಲ ಒಳಸೇರಿ, ಸ್ನಾಯುಗಳಿಗೂ ಯಕೃತ್ತಿಗೂ ಹಾನಿಯಾಗಬಹುದು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ಸೇವಿಸುವವರಿಗೆ ಬೆಳ್ಳುಳ್ಳಿ ಗುಳಿಗೆಯಿಂದ ರಕ್ತಸ್ರಾವದ ಭಯ ಹೆಚ್ಚುತ್ತದೆ; ಅಡುಗೆಯ ಬೆಳ್ಳುಳ್ಳಿಗೆ ಈ ಮಾತು ಅನ್ವಯಿಸದು. ಒಮೆಗಾ-3 ಗುಳಿಗೆಗಳಲ್ಲಿ ಬಹುಪಾಲು ಮೀನೆಣ್ಣೆಯವು ಎಂಬುದನ್ನರಿಯದೆ ಸೇವಿಸುವ ಶಾಕಾಹಾರಿಗಳೂ ಇದ್ದಾರೆ. ಗುಗ್ಗುಳದ ಸಾರವನ್ನು ಕುರಿತು ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಟು ವಾರಗಳ ನಂತರ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವ ಬದಲು ಏರಿತ್ತು. ಇಸಬಗೋಲು ಉಪಕಾರಿಯೇ, ಆದರೆ ಅದಕ್ಕೂ ಇತರ ಮಾತ್ರೆಗಳಿಗೂ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು.

ಆಯುರ್ವೇದವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆಯುರ್ವೇದ ವೈದ್ಯರಿಗೂ ಸ್ಟಾಟಿನ್ ವಿಷಯ ತಿಳಿದಿರಬೇಕು. ಪೂರಕ ಆಹಾರದ ಡಬ್ಬಿಗಳ ಮೇಲೆ "ಔಷಧೀಯ ಬಳಕೆಗಲ್ಲ" ಎಂಬರ್ಥದ ಸೂಚನೆ ಇರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮವೇ ಹೇಳುತ್ತದೆ. ಅದು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿದ್ದರೆ ನಮ್ಮ ಹಳ್ಳಿಯ ಹಿರಿಯರು ಓದುವುದೆಂತು? ಆದ್ದರಿಂದ ತಪ್ಪನ್ನು ರೋಗಿಯ ಮೇಲಷ್ಟೇ ಹೊರಿಸಲಾಗದು. "ಬೇರೇನು ಸೇವಿಸುತ್ತೀರಿ?" ಎಂದು ಕೇಳುವುದು ವೈದ್ಯರ ಕರ್ತವ್ಯ; ತಂದುಕೊಟ್ಟ ಮಕ್ಕಳಿಗೂ ಹೊಣೆಯುಂಟು.

ತಾಲ್ಲೂಕು ಆಸ್ಪತ್ರೆಗಾಗಲಿ, ದುರ್ಗದ ಜಿಲ್ಲಾ ಆಸ್ಪತ್ರೆಗಾಗಲಿ ಹೋಗುವಾಗ ಮನೆಯಲ್ಲಿರುವ ಎಲ್ಲ ಡಬ್ಬಿ, ಪೊಟ್ಟಣಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ವೈದ್ಯರ ಮುಂದಿಡಿ. ಕಾರಣವಿಲ್ಲದ ಮೈಕೈ ನೋವು, ಕಪ್ಪಾದ ಮೂತ್ರ, ಹಳದಿಯಾದ ಕಣ್ಣು ಕಂಡರೆ ಆ ದಿನವೇ ವೈದ್ಯರನ್ನು ಕಾಣಿರಿ. ಯಾರದೋ ಮಾತು ಕೇಳಿ ಸ್ಟಾಟಿನ್ ಅನ್ನು ನೀವಾಗಿ ನಿಲ್ಲಿಸಬೇಡಿರಿ. ಹೃದಯಾಘಾತವನ್ನು ತಡೆಯಲೆಂದೇ ಅದನ್ನು ಕೊಟ್ಟಿರುತ್ತಾರೆ. ರಾಗಿಮುದ್ದೆ, ಹುರುಳಿಕಾಳು, ಸೊಪ್ಪಿನ ಸಾರು, ಅಗಸೆಯ ಚಟ್ನಿಪುಡಿ ನಮ್ಮ ಅಡುಗೆಮನೆಯಲ್ಲಿಯೇ ಇವೆ. ಹಣ ತೆತ್ತು ಗುಳಿಗೆ ಕೊಳ್ಳುವ ಮೊದಲು ಇವು ದಿನವೂ ತಟ್ಟೆಗೆ ಬರಲಿ.